ಹಳೆ ಪದ್ಮಿನಿ ಕಾರು ಕೊಳ್ಳುವ ಮೊದಲು ರಬ್ಬರ್ ಮ್ಯಾಟ್ ಎತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಕಾರುಗಳ ಬಗ್ಗೆ ಒಂದು ಬರಹ ಬಂದಿತ್ತು. ಫೋಟೋಗಳು ಚೆನ್ನಾಗಿದ್ದವು. ತುಕ್ಕು ಹಿಡಿದು ಮೂಲೆಗೆ ಬಿದ್ದ ಪ್ರೀಮಿಯರ್ ಪದ್ಮಿನಿಯನ್ನು ಕಡಿಮೆ ಬೆಲೆಗೆ ಕೊಂಡು, ಸ್ವಲ್ಪ ಖರ್ಚು ಮಾಡಿದರೆ ಹೊಸದರ ಹಾಗೆ ಮಾಡಬಹುದು ಅಂತ ಅದರಲ್ಲಿತ್ತು. ಆ ‘ಸ್ವಲ್ಪ’ ಎಷ್ಟು ಅಂತ ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಓದಿದ ನನ್ನ ಅಕ್ಕನ ಮಗ ಪನ್ವೆಲ್ ಹತ್ತಿರ ಒಂದು ಕಾರಿಗೆ 10 ಸಾವಿರ ಮುಂಗಡ ಕೊಟ್ಟು ಬಂದ. ಅದಕ್ಕೇ ಈ ಪತ್ರ.

ಹಳೆ ಕಾರು ಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ಹತ್ತಿರವೇ ಒಂದು ಪದ್ಮಿನಿ ಇದೆ. ನಮ್ಮಪ್ಪ ಮುಂಬೈಯ ಕುರ್ಲಾದಲ್ಲಿ, ಈ ಕಾರು ತಯಾರಾಗುತ್ತಿದ್ದ ಪ್ರೀಮಿಯರ್ ಕಾರ್ಖಾನೆಗೆ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಪಾಳಿ ಮುಗಿಸಿದ ಕೆಲಸಗಾರರು ಗ್ರೀಸು ಮೆತ್ತಿದ ಕೈಯಲ್ಲೇ ಚಾ ಕುಡಿಯುವುದನ್ನು ನೋಡಿಕೊಂಡು ಬೆಳೆದವನು ನಾನು. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು. 2023ರ ಅಕ್ಟೋಬರ್ 30ಕ್ಕೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅವತ್ತಿನಿಂದ ಈ ಕಾರಿನ ಮೇಲೆ ಜನರ ಆಸೆ ಜಾಸ್ತಿಯಾಗಿದೆ, ಅದು ಸಹಜ.

ಹೋದ ಶನಿವಾರ ಅಳಿಯನ ಜೊತೆ ಪನ್ವೆಲ್‌ಗೆ ಹೋದೆ. ಮನೆಯ ಹಿಂದೆ ಮಾವಿನ ಮರದ ಕೆಳಗೆ ಕಾರು ನಿಂತಿತ್ತು, ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. “ಮಾಮ, ಬರೀ 70 ಸಾವಿರ, ಈಗ ಬಿಟ್ಟರೆ ಮತ್ತೆ ಸಿಗಲ್ಲ” ಅಂದ. ನಾನು ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಹಿಂದಿನ ಚಕ್ರದ ಮೇಲಿನ ಕಮಾನಿಗೆ ಇಟ್ಟೆ. ಹಿಡಿಯಲಿಲ್ಲ, ಕೆಳಗೆ ಬಿತ್ತು. ಅಲ್ಲಿ ತಗಡೇ ಇಲ್ಲ, ತೂತು ಮುಚ್ಚಲು ಮೆತ್ತಿದ ಬರೀ ಪುಟ್ಟಿ. ಆಮೇಲೆ ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿದೆ. ಅದರ ಕೆಳಗೆ ಇನ್ನೊಂದು ಗೋಣಿಚೀಲ, ಒದ್ದೆ. ಅದನ್ನೂ ಎತ್ತಿದರೆ ಕ್ಲಚ್ ಪೆಡಲಿನ ಕೆಳಗೆ ಅಂಗೈ ಅಗಲದ ತೂತು, ಅದರಲ್ಲಿ ನೆಲದ ಮಾವಿನ ಎಲೆ ಕಾಣುತ್ತಿತ್ತು. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಭಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿದೆ ಅಷ್ಟೆ, ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಅಳಿಯ ಮಾತಾಡಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಪದ್ಮಿನಿಗೆ ಜೀಪಿನ ಹಾಗೆ ಬಾಡಿಯ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ, ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ನೆಲದ ತಗಡು, ಬಾಗಿಲ ಕೆಳಗಿನ ಆ ಪೆಟ್ಟಿಗೆ, ಎರಡೂ ಸೇರಿ ಇಡೀ ಕಾರನ್ನು ಹೊರುತ್ತವೆ. ಅವು ಹೋದರೆ ಬರೀ ತೇಪೆ ಹಾಕಿ ಬಣ್ಣ ಬಳಿದು ಆಗುವ ಕೆಲಸವಲ್ಲ. ಕೊಳೆತ ತಗಡು ಕತ್ತರಿಸುವ ಮೊದಲು ಒಳಗಿನಿಂದ ಕಬ್ಬಿಣದ ಆಧಾರ ಕೊಟ್ಟು ಬಾಡಿ ಬಿಗಿಯಬೇಕು, ಇಲ್ಲದಿದ್ದರೆ ಕಾರು ನಡುವೆ ಜಗ್ಗುತ್ತದೆ, ಆಮೇಲೆ ಬಾಗಿಲು ಹಾಕಿದರೆ ಕೂರುವುದೇ ಇಲ್ಲ. ಇದನ್ನು ತಾಳ್ಮೆಯಿಂದ ಮಾಡುವ ಟಿಂಕರ್‌ಗಳು ಈಗ ಕಡಿಮೆ. ಇದ್ದವರಿಗೆ ಕೈತುಂಬ ಕೆಲಸ, ಕೂಲಿಯೂ ಅದಕ್ಕೆ ತಕ್ಕ ಹಾಗೆ.

ನನ್ನ ಲೆಕ್ಕ ಹೇಳುತ್ತೇನೆ. 2019ರಲ್ಲಿ ನಾನು ಕಾರು ಕೊಂಡದ್ದು 90 ಸಾವಿರಕ್ಕೆ. ತಗಡಿನ ಕೆಲಸಕ್ಕೆ ಗ್ಯಾರೇಜಿನವರು ಮೊದಲು ಹೇಳಿದ್ದು 60 ಸಾವಿರ. ಹಳೆ ಬಣ್ಣ ಕೆರೆದು ನೋಡಿದ ಮೇಲೆ ಒಂದರ ಹಿಂದೆ ಒಂದು ಹೊರಬಂತು, ಬ್ಯಾಟರಿ ಇಡುವ ಜಾಗ, ಡಿಕ್ಕಿಯ ನೆಲ, ಮುಂದಿನ ಗಾಜಿನ ಕೆಳಗಿನ ಅಂಚು. ಕೊನೆಗೆ ತಗಡಿಗೇ 1 ಲಕ್ಷ 70 ಸಾವಿರ ಆಯಿತು. ಪೇಂಟ್ 75 ಸಾವಿರ. ಎಂಜಿನ್ನಿಗೆ ಮಾತ್ರ 55 ಸಾವಿರದಲ್ಲಿ ಮುಗಿಯಿತು, ಬೋರಿಂಗ್, ಪಿಸ್ಟನ್, ರಿಂಗು ಎಲ್ಲ ಸೇರಿ. ಬ್ರೇಕು, ಟೈರು, ವೈರಿಂಗು, ಸೀಟು, ಗಾಜಿನ ರಬ್ಬರು, ಕ್ರೋಮು, ಕಾರು ಎಳೆಸಿಕೊಂಡು ಬಂದದ್ದು ಅಂತ ಇನ್ನೂ 1 ಲಕ್ಷ 60 ಸಾವಿರ. ಕಾರಿನ ಬೆಲೆಯೂ ಸೇರಿದರೆ ಐದೂವರೆ ಲಕ್ಷ. ನಾಲ್ಕು ತಿಂಗಳ ಕೆಲಸ ಅಂದದ್ದು ಹತ್ತೊಂಬತ್ತು ತಿಂಗಳು ನಡೆಯಿತು. ಈಗ ಮಾರಲು ಕೇಳಿದರೆ 3 ಲಕ್ಷದ ಮೇಲೆ ಯಾರೂ ಹೋಗುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಎಂಜಿನ್ ಬಗ್ಗೆ ಜನ ಹೆದರುತ್ತಾರೆ, ತುಕ್ಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಜವಾಗಿ ಇರುವುದು ಉಲ್ಟಾ. 1089 ಸಿಸಿಯ ಆ ಎಂಜಿನ್ ಬಹಳ ಸರಳ. ದಶಕಗಟ್ಟಲೆ ಟ್ಯಾಕ್ಸಿಗಳಲ್ಲಿ ಓಡಿದ್ದರಿಂದ ಅದನ್ನು ಬಿಚ್ಚಿ ಕೂಡಿಸುವ ಮೇಸ್ತ್ರಿಗಳು ಈಗಲೂ ಮುಂಬೈಯಲ್ಲಿ ಇದ್ದಾರೆ, ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಅರ್ಧ ದಿನ ತಿರುಗಿದರೆ ಬೇಕಾದ ಸಾಮಾನು ಸಿಕ್ಕೀತು. ತಗಡು ಹಾಗಲ್ಲ. ನಮ್ಮಲ್ಲಿ ಕಡಲ ಗಾಳಿ, ನಾಲ್ಕು ತಿಂಗಳು ಮಳೆ. ಮ್ಯಾಟಿನ ಕೆಳಗೆ ಒಮ್ಮೆ ನೀರು ನಿಂತಿತು ಅಂದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ.

ಕಾಗದ ಪತ್ರದ ಬಗ್ಗೆಯೂ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರಲ್ಲಿ 10 ಸಾವಿರ ಮಾಡಿದ್ದಾರೆ. ಹಳೆ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು ಅಂತ ಕೆಲವರು ಧೈರ್ಯ ಹೇಳುತ್ತಾರೆ. 2021ರಲ್ಲಿ ಆ ನಿಯಮ ಬಂದದ್ದು ನಿಜ. ಆದರೆ ಅದಕ್ಕೆ 20 ಸಾವಿರ ಶುಲ್ಕ, ಇಲ್ಲಿ ಮೊದಲೇ ನೋಂದಣಿಯಾದ ಕಾರಾದರೆ ಹಳೆ ಆರ್‌ಸಿಯೂ ಬೇಕು. ಮೇಲಾಗಿ ಆ ಕಾರನ್ನು ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದು, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರಗೆ ತೆಗೆಯಬಹುದು, ಅಷ್ಟೆ. ಕಾಗದ ಇಲ್ಲದ ಕಾರನ್ನು ಅಗ್ಗ ಅಂತ ಯಾರಾದರೂ ಕೊಟ್ಟರೆ ದಯವಿಟ್ಟು ಮುಟ್ಟಬೇಡಿ.

ಪೆಟ್ರೋಲಿನದ್ದು ಇನ್ನೊಂದು ಚಿಂತೆ. ಈಗ ಬಂಕುಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಸೇರಿದ್ದು. ಹಳೆ ಕಾರಿನ ರಬ್ಬರ್ ಪೈಪು, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಪೊರೆ (ಡಯಾಫ್ರಮ್) ಇದಕ್ಕೆ ಅಂತ ಮಾಡಿದ್ದಲ್ಲ. ಎಥೆನಾಲ್ ನೀರಿನ ಪಸೆ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನೊಳಗೂ ತುಕ್ಕು ಶುರುವಾಗುತ್ತದೆ. ಪೈಪುಗಳನ್ನೆಲ್ಲ ನಾನು ಮತ್ತೆ ಬದಲಿಸಿದೆ. ಇನ್ನು ನಿಲ್ಲಿಸುವ ಜಾಗ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಸೂರಿರುವ ಪಾರ್ಕಿಂಗಿಗೆ ತಿಂಗಳಿಗೆ ಬೇರೆ ಬಾಡಿಗೆ ಕೊಡುತ್ತಿದ್ದೇನೆ. ಬಯಲಲ್ಲಿ ನಿಲ್ಲಿಸಿದರೆ ಆ 1 ಲಕ್ಷ 70 ಸಾವಿರದ ಕೆಲಸ ಎರಡೇ ಮಳೆಗಾಲಕ್ಕೆ ಹಾಳಾಗುತ್ತದೆ.

ನನಗೆ ಅನ್ನಿಸುವುದು ಇಷ್ಟು: 70 ಸಾವಿರದ ಕೊಳೆತ ಕಾರಿಗಿಂತ, ಎರಡು ಎರಡೂವರೆ ಲಕ್ಷ ಕೊಟ್ಟಾದರೂ ನೆಲ ಗಟ್ಟಿಯಿರುವ, ಒಬ್ಬರೇ ಇಟ್ಟುಕೊಂಡು ಓಡಿಸುತ್ತಿದ್ದ ಕಾರು ಕೊಳ್ಳುವುದು ಅಗ್ಗ. ಎಂಜಿನ್ ಸತ್ತಿದ್ದರೂ ಪರವಾಗಿಲ್ಲ. ಬಣ್ಣ ಮಾಸಿದ್ದರೆ ಇನ್ನೂ ಒಳ್ಳೆಯದು, ಒಳಗೆ ಏನಿದೆ ಅಂತ ಕಾಣುತ್ತದಲ್ವಾ. ಮಾರುವುದಕ್ಕೆ ಅಂತಲೇ ಹೊಸ ಬಣ್ಣ ಬಳಿದ ಕಾರಿನ ಹತ್ತಿರ ಎರಡು ಪಟ್ಟು ಎಚ್ಚರ ಬೇಕು.

ಮುಂದಿನ ಸಲ ಇಂಥ ಬರಹ ಹಾಕುವಾಗ ಕಾರಿನ ಫೋಟೋ ಜೊತೆ ಗ್ಯಾರೇಜಿನ ಬಿಲ್ಲನ್ನೂ ಹಾಕಿ ಅಂತ ನನ್ನ ಕೋರಿಕೆ. ಸಂಬಳದ ದುಡ್ಡಿನಲ್ಲಿ ಆಸೆ ಪಡುವ ಹುಡುಗರು ನಿಮ್ಮ ಪತ್ರಿಕೆ ಓದುತ್ತಾರೆ.

ಅಳಿಯನ 10 ಸಾವಿರ ವಾಪಸ್ ಬರಲಿಲ್ಲ, ಅದನ್ನು ಬಿಟ್ಟುಬಿಡು ಅಂದೆ. ಮುಲುಂಡಿನಲ್ಲಿ ಇನ್ನೊಂದು ಕಾರು ಇದೆಯಂತೆ, ಬಣ್ಣ ಪೂರ್ತಿ ಮಾಸಿದೆ, ಆರ್‌ಸಿ ಅದೇ ಮನೆಯವರ ಹೆಸರಿನಲ್ಲಿದೆ. ಈ ಭಾನುವಾರ ನೋಡಲು ಹೋಗುತ್ತಿದ್ದೇವೆ. ಈ ಸಲ ಅಯಸ್ಕಾಂತ ಅವನ ಕೈಯಲ್ಲೇ ಕೊಟ್ಟಿದ್ದೇನೆ.

— ನಿಮ್ಮ ಹಳೆ ಓದುಗ, ಡೊಂಬಿವಲಿ ಪೂರ್ವ