ಹುಡುಕುವಾಗ ಮೂಡುವ ಸಲಹೆ ಪುರಾವೆಯಲ್ಲ

ಮಾನ್ಯ ಸಂಪಾದಕರೇ,

ಯಾರದೋ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡುತ್ತಿದ್ದಂತೆ ಕೆಳಗೆ ತಾವಾಗಿಯೇ ಮೂಡುವ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದು, ‘ಇವರ ಬಗ್ಗೆ ಜನರ ಅಭಿಪ್ರಾಯ ಇದು’ ಎಂದು ಚರ್ಚೆಗಳಲ್ಲಿ, ಕೆಲವೊಮ್ಮೆ ಸುದ್ದಿಗಳಲ್ಲಿಯೂ ಮುಂದಿಡುವುದನ್ನು ಕಾಣುತ್ತಿದ್ದೇವೆ. ಆ ಸಾಲುಗಳು ಬರುವ ಬಗೆ ತಿಳಿದಿದ್ದರೆ ಯಾರೂ ಅವನ್ನು ಪುರಾವೆಯೆಂದು ಹಿಡಿಯಲಾರರು ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾವು ಅಕ್ಷರ ಒತ್ತುತ್ತಿದ್ದಂತೆಯೇ, ಇನ್ನೂ ಎಂಟರ್ ಒತ್ತುವ ಮೊದಲೇ, ಅದುವರೆಗಿನ ಬರಹ ಗೂಗಲ್‌ನ ಸರ್ವರ್‌ಗೆ, ಅಂದರೆ ಅದರ ದೂರದ ಕಂಪ್ಯೂಟರ್‌ಗೆ, ಹೋಗುತ್ತದೆ. ಆ ಅಕ್ಷರಗಳಿಂದ ಶುರುವಾಗುವ, ಹಿಂದೆ ಇತರರು ನಿಜವಾಗಿ ಹುಡುಕಿದ ಸಾಲುಗಳಲ್ಲಿ ಹೆಚ್ಚು ಸಲ ಬಂದದ್ದು ಯಾವುದು, ಈಚೆಗೆ ಹಠಾತ್ತನೆ ಏರಿದ್ದು ಯಾವುದು, ಟೈಪ್ ಮಾಡುತ್ತಿರುವವರ ಭಾಷೆಗೂ ಇರುವ ಸ್ಥಳಕ್ಕೂ ಹೊಂದುವುದು ಯಾವುದು, ಅವರೇ ಹಿಂದೆ ಏನು ಹುಡುಕಿದ್ದರು ಎಂಬುದನ್ನೆಲ್ಲ ತೂಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಚಿಕ್ಕ ಪಟ್ಟಿ ಮರಳಿ ಬರುತ್ತದೆ. ಪಟ್ಟಿಯ ಸಾಲಿನಲ್ಲಿರುವ ಮಾತು ನಿಜವೇ ಎಂಬ ಪ್ರಶ್ನೆ ಈ ಎಣಿಕೆಯಲ್ಲಿ ಏಳುವುದೇ ಇಲ್ಲ. 2004ರ ಡಿಸೆಂಬರ್‌ನಲ್ಲಿ ಪ್ರಯೋಗವಾಗಿ ಬಂದು 2008ರಲ್ಲಿ ಗೂಗಲ್‌ನ ಮುಖಪುಟ ಸೇರಿದ ಈ ಸೌಲಭ್ಯ ಹುಟ್ಟಿದ್ದೇ ಟೈಪಿಂಗ್ ಉಳಿಸಲು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ.

ತೊಂದರೆ ಇರುವುದು ಮನುಷ್ಯರ ಹೆಸರುಗಳಲ್ಲಿ. ಒಬ್ಬರ ಬಂಧನವಾಗಿದೆ ಎಂಬ ಗಾಳಿಮಾತು ಹಬ್ಬಿತೆನ್ನಿ. ‘ಹೌದೇ?’ ಎಂದು ತಿಳಿಯಲು ಸಾವಿರಾರು ಜನ ಆ ಹೆಸರಿನ ಜೊತೆ ‘ಬಂಧನ’ ಎಂದು ಹುಡುಕುತ್ತಾರೆ. ಮರುದಿನ ಬೇರೆ ಯಾವುದೋ ಕೆಲಸಕ್ಕೆ ಅದೇ ಹೆಸರನ್ನು ಟೈಪ್ ಮಾಡಿದವರಿಗೆ ಆ ಎರಡು ಪದಗಳು ಜೊತೆಯಾಗಿ, ಪ್ರಶ್ನಾರ್ಥಕ ಚಿಹ್ನೆಯಿಲ್ಲದೆ ಕಾಣುತ್ತವೆ. ಕುತೂಹಲದಿಂದ ಅವರೂ ಅದನ್ನೇ ಒತ್ತುತ್ತಾರೆ, ಎಣಿಕೆ ಇನ್ನೂ ಏರುತ್ತದೆ. ಅನುಮಾನದಿಂದ ಕೇಳಿದ ಪ್ರಶ್ನೆ ಹೀಗೆ ಆರೋಪದ ರೂಪ ತಾಳುತ್ತದೆ. ಕೇಳಿದವರಲ್ಲಿ ಒಬ್ಬರೂ ಆರೋಪ ಮಾಡಿರುವುದಿಲ್ಲ.

ಉದ್ಯಮಿಯೊಬ್ಬರ ಹೆಸರಿನೊಂದಿಗೆ ‘ವಂಚನೆ’ ಎಂಬರ್ಥದ ಪದ ಬರುತ್ತಿದ್ದ ಪ್ರಕರಣದಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ 2013ರ ಮೇ ತಿಂಗಳಲ್ಲಿ ತೀರ್ಪು ನೀಡಿ, ಪ್ರತಿ ಸಲಹೆಯನ್ನೂ ಮುಂಚಿತವಾಗಿ ಪರಿಶೀಲಿಸುವ ಹೊಣೆ ಗೂಗಲ್‌ಗೆ ಇಲ್ಲವಾದರೂ ವ್ಯಕ್ತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂದು ತಿಳಿದ ಮೇಲೆ ತಡೆಯಲೇಬೇಕು ಎಂದಿತು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದ ಗೆರೆ.

ಪಟ್ಟಿಯಿಂದ ತೆಗೆದುಹಾಕುವುದೂ ನಡೆಯುತ್ತದೆ. ದ್ವೇಷದ, ಅಶ್ಲೀಲ, ಅಪಾಯಕಾರಿ ಸಲಹೆಗಳನ್ನು ಗೂಗಲ್ ತಡೆಯುತ್ತದೆ. ಯಾವುದೇ ಅಭ್ಯರ್ಥಿ ಅಥವಾ ಪಕ್ಷದ ಪರ–ವಿರೋಧ ಎಂದು ಅರ್ಥವಾಗಬಹುದಾದ ಸಲಹೆಗಳನ್ನೂ ತೆಗೆಯುವುದಾಗಿ 2020ರಲ್ಲಿ ಹೇಳಿತು. ಆದ್ದರಿಂದ ಒಂದು ಸಾಲು ಕಾಣಲಿಲ್ಲವೆಂದ ಮಾತ್ರಕ್ಕೆ ಅದನ್ನು ಯಾರೂ ಹುಡುಕುತ್ತಿಲ್ಲ ಎಂದೂ ಹೇಳಲಾಗದು.

ಪತ್ರಿಕೆಗಳಿಗೆ ನನ್ನ ವಿನಂತಿ ಇಷ್ಟೇ. ವ್ಯಕ್ತಿಗಳ ಹೆಸರಿನೊಂದಿಗೆ ಬರುವ ಇಂತಹ ಸ್ಕ್ರೀನ್‌ಶಾಟ್‌ಗಳನ್ನು ಅಚ್ಚು ಮಾಡಬೇಡಿ. ಈ ಸೌಲಭ್ಯದ ಕುರಿತೇ ಬರೆಯುವಾಗ ಬಳಸಲೇಬೇಕಾದರೆ, ಯಾವ ದಿನ, ಯಾವ ಊರಿನಿಂದ, ಖಾತೆಯಿಂದ ಲಾಗ್ ಔಟ್ ಆಗಿ ಹುಡುಕಿದ್ದೋ ಅಲ್ಲವೋ ಎಂಬುದನ್ನು ಚಿತ್ರದ ಕೆಳಗೆ ನಮೂದಿಸಿ. ಕಂಪ್ಯೂಟರ್‌ನಲ್ಲಿ ಸಲಹೆಪಟ್ಟಿಯ ಕೆಳಗಡೆಯೇ ಅನುಚಿತ ಸಲಹೆಯ ಬಗ್ಗೆ ದೂರು ಕೊಡುವ ಲಿಂಕ್ ಇರುತ್ತದೆ. ಅದು ಅಲ್ಲಿದೆ ಎಂಬುದನ್ನು ಓದುಗರಿಗೆ ತಿಳಿಸಿ.

ಇತಿ,
ತಮ್ಮ ಓದುಗ