ಫಾಪೋ ಫಿಪ್ಪೋ: ದೋಸ್ತನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ಮೆಸೇಜು ಓದಿ ಬಸ್ಸಿನಲ್ಲೇ ನಕ್ಕೆ. ಹಾರ್ವರ್ಡ್‌ಗೆ ಸೇರುವ ಹೊಸಬರಿಗೆ ಕ್ಲಾಸು ಶುರುವಾಗುವ ಮುಂಚೆ ಇರುವ ಕಾರ್ಯಕ್ರಮಗಳಲ್ಲಿ ಯಾವುದನ್ನು ಆರಿಸಲಿ ಅಂತ ಕೇಳಿದ್ದೀಯ. ಫಾಪ್, ಫಿಪ್, ಫ್ಯಾಪ್, ಫಪ್. ತಬಲಾ ಕ್ಲಾಸಿನ ಬೋಲ್ ಇದ್ದ ಹಾಗಿದೆ! ಕಾಡು ಸುತ್ತುವವರಿಗೆ ಫಾಪ್, ಪರದೇಶದಿಂದ ಬಂದವರಿಗೆ ಫಿಪ್, ಹಾಡು ನಾಟಕದವರಿಗೆ ಫ್ಯಾಪ್, ಊರಿನ ಸೇವೆಗೆ ಫಪ್ ಅಂತ ಮಾಡಿಟ್ಟಿದ್ದಾರೆ. ಹೊಸಬರಿಗೆ ಕಾಲೇಜು ಪರಿಚಯಿಸುವ ಓರಿಯಂಟೇಶನ್‌ಗೂ ಮುಂಚೆ ಇನ್ನೊಂದು ಓರಿಯಂಟೇಶನ್ ಯಾಕೆ ಅಂತ ನಿಮ್ಮಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ. ಪಿಯುಸಿಗೆ ಸೇರಿದಾಗ ನಾವು ನೋಟಿಸ್ ಬೋರ್ಡ್ ನೋಡಿ ಕ್ಲಾಸು ಹುಡುಕಿಕೊಂಡೆವು, ಅಷ್ಟೇ. ಇಲ್ಲಿ ಅಮೆರಿಕದಲ್ಲಿ ಮಾತ್ರ ಇದು ಹಳೇ ಪದ್ಧತಿ. ಡಾರ್ಟ್‌ಮತ್ ಕಾಲೇಜಿನವರು ಹೊಸಬರನ್ನು ಬೆಟ್ಟಕ್ಕೆ ಕರೆದೊಯ್ಯಲು ಶುರುಮಾಡಿದ್ದು 1935ರಲ್ಲಿ. ನಿಮ್ಮ ಫಾಪ್ ಹುಟ್ಟಿದ್ದು 1979ರಲ್ಲಿ.

ರೆಸ್ಯೂಮೆಗೆ ಯಾವುದು ಒಳ್ಳೇದು ಅಂದೆಯಲ್ಲ, ಯಾವುದೂ ಅಲ್ಲ. ಸೀಟು ಸಿಕ್ಕಾಯಿತು, ಇನ್ನು ಅದರ ಯೋಚನೆ ಬಿಡು ಮಾರಾಯ.

ನಾನು ನಮ್ಮ ಕಾಲೇಜಿನಲ್ಲಿ ಕಾಡನ್ನೇ ಆರಿಸಿಕೊಂಡೆ. ಕಾರಣ ಕೇಳಿದರೆ ನಗುತ್ತೀಯ: ಫೋಟೋದಲ್ಲಿ ಎಲ್ಲರೂ ಖುಷಿಯಾಗಿದ್ದರು. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ ನಾಲ್ಕು ರಾತ್ರಿ. ಎಂಟು ಜನ ಹೊಸಬರು, ಇಬ್ಬರು ಸೀನಿಯರ್‌ಗಳು. ಫೋನು ಮೊದಲೇ ಇಸಿದುಕೊಂಡರು. ಟೆಂಟೂ ಇಲ್ಲ, ತಲೆ ಮೇಲೊಂದು ತಾಡಪತ್ರಿ ಅಷ್ಟೇ. ನಮ್ಮೂರಲ್ಲಿ ಮಧ್ಯಾಹ್ನ ಹನ್ನೆರಡೂವರೆ ಅಂದರೆ ಅಲ್ಲಿ ರಾತ್ರಿ ಮೂರು. ಎಲ್ಲರೂ ಗೊರಕೆ ಹೊಡೆಯುತ್ತಿದ್ದರೆ ನನ್ನ ಹೊಟ್ಟೆ ಮಾತ್ರ ಊಟ ಕೇಳುತ್ತಿತ್ತು.

ಮೊದಲ ಸಂಜೆ ಸೀನಿಯರ್ ಹುಡುಗಿ ಒಂದು ಪುಟ್ಟ ಪ್ಲಾಸ್ಟಿಕ್ ಸಲಿಕೆ ಹಿಡಿದು ನಿಂತಳು. ಹಳ್ಳದಿಂದ 200 ಅಡಿ ದೂರ ಹೋಗಬೇಕು, 6 ಇಂಚು ಆಳ ತೋಡಬೇಕು, ಕೆಲಸ ಮುಗಿಸಿ ಮಣ್ಣು ಮುಚ್ಚಬೇಕು. ನಮ್ಮ ಗಣಿತದ ಸರ್ ಪ್ರಮೇಯ ಹೇಳಿಕೊಡುವಷ್ಟು ಗಂಭೀರವಾಗಿ ಹೇಳಿದಳು. ಎಲ್ಲರೂ ನೆಲ ನೋಡುತ್ತಾ ಕೂತಿದ್ದೆವು. ನಾನು ಮೆಲ್ಲಗೆ, "ಮತ್ತೆ ನೀರು?" ಅಂದೆ. "ನೀರು ಯಾಕೆ?" ಅಂದಳು. ವಿವರಿಸಬೇಕಾಯಿತು. ಅದೂ ಇಂಗ್ಲಿಷಿನಲ್ಲಿ, ಕೈಸನ್ನೆ ಸಮೇತ. ಆಮೇಲೆ ಆ ಗುಂಪಿನಲ್ಲಿ ಯಾರಿಗೂ ನಾಚಿಕೆ ಅನ್ನೋದೇ ಉಳಿಯಲಿಲ್ಲ.

ಊಟಕ್ಕೆ ಮೂರು ಹೊತ್ತೂ ತಣ್ಣಗಿನ ಮೈದಾ ರೊಟ್ಟಿ, ಮೇಲೆ ಸೋಪಿನಂಥ ಚೀಸ್ ತುಂಡು. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಪುಡಿ ಹೆಮ್ಮೆಯಿಂದ ಹೊರಗೆ ತೆಗೆದೆ. ಎಲ್ಲರಿಗೂ ಹಂಚೋಣ ಅಂತ. ಪಕ್ಕದ ಹುಡುಗ ಎದ್ದು ದೂರ ಹೋಗಿ ನಿಂತ. ಅವನಿಗೆ ಶೇಂಗಾ ಅಲರ್ಜಿ, ಸುಮ್ನೆ ತುರಿಕೆ ಅಲ್ಲ, ಉಸಿರೇ ಕಟ್ಟುವಂಥದ್ದು. ಚಟ್ನಿ ಎರಡು ಕವರಿನೊಳಗೆ ಸೇರಿ ಬ್ಯಾಗಿನ ತಳಕ್ಕೆ ಹೋಯಿತು. ನಾನು ಕೈ ತೊಳೆದುಕೊಂಡು ಬಂದೆ. ನೀನು ಗುರೆಳ್ಳು ಚಟ್ನಿ ತಗೊಂಡು ಬಾ. ಕೊಡುವ ಮುಂಚೆ ಅದನ್ನೂ ಕೇಳಿಯೇ ಕೊಡು.

ಇಷ್ಟೆಲ್ಲ ಹೇಳಿದರೂ ನಿನಗೆ ನಾನು ಹೇಳೋದು ಫಿಪ್ ಅಂತಲೇ. ಒಂದನ್ನೇ ಆರಿಸಬೇಕು ಅಂದೆಯಲ್ಲ. ನಾನು ಕಾಡಿನಲ್ಲಿದ್ದ ಅದೇ ದಿನಗಳಲ್ಲಿ ನಮ್ಮ ಕಾಲೇಜಿನ ಪರದೇಶಿ ಹುಡುಗರು ಒಟ್ಟಿಗೆ ಬ್ಯಾಂಕ್ ಖಾತೆ ತೆರೆದಿದ್ದರು, ಸಿಮ್ ಕೊಂಡಿದ್ದರು. ನಾನು ಕೆಸರು ಬೂಟಿನಲ್ಲಿ ಒಬ್ಬನೇ ಬ್ಯಾಂಕಿಗೆ ಹೋದೆ. ಅದೇನು ದೊಡ್ಡದಲ್ಲ ಬಿಡು. ಕಷ್ಟ ಆಗಿದ್ದು ನವೆಂಬರ್‌ನಲ್ಲಿ. ಥ್ಯಾಂಕ್ಸ್‌ಗಿವಿಂಗ್ ಅಂತ ಇಲ್ಲಿನ ಹಬ್ಬದ ರಜೆಗೆ ನನ್ನ ಕಾಡಿನ ಗೆಳೆಯರೆಲ್ಲ ಅವರವರ ಮನೆಗೆ ಹೋದರು. ಹಾಸ್ಟೆಲಿನಲ್ಲಿ ಉಳಿದವರು ಹೊರದೇಶದವರೇ ಜಾಸ್ತಿ. ಕೆಳಗಿನ ಅಡುಗೆಮನೆಯಲ್ಲಿ ಒಟ್ಟಿಗೆ ಅನ್ನ ಮಾಡುತ್ತಿದ್ದರು, ನಗು ಮೇಲಿನವರೆಗೂ ಕೇಳುತ್ತಿತ್ತು. ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಮೂರನೇ ದಿನ ಉಪ್ಪು ಕೇಳುವ ನೆಪ ಮಾಡಿಕೊಂಡು ಇಳಿದೆ.

ಬೆಟ್ಟ ನೀನು ಸಾಕಷ್ಟು ಹತ್ತಿದ್ದೀಯ, ಇನ್ನೂ ಹತ್ತಬಹುದು. ಅದಕ್ಕೇ ಹೇಳಿದ್ದು.

ಇನ್ನೊಂದು. ಟಿಕೆಟ್ ಬುಕ್ ಮಾಡುವ ಮುಂಚೆ ವೀಸಾಕ್ಕೆ ಅಂತ ಕಾಲೇಜು ಕೊಡುವ ಐ-20 ಪತ್ರದಲ್ಲಿರುವ ಆರಂಭದ ತಾರೀಖು ನೋಡು. ಅದಕ್ಕಿಂತ 30 ದಿನಕ್ಕೂ ಮೊದಲು ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ದೇಶದೊಳಗೆ ಬಿಡುವುದಿಲ್ಲ. ಹಾಸ್ಟೆಲ್ ರೂಮು ಯಾವ ದಿನದಿಂದ ಸಿಗುತ್ತದೆ ಅಂತಲೂ ಮೇಲ್ ಹಾಕಿ ಕೇಳಿಕೋ.

ಗುರೆಳ್ಳು ಚಟ್ನಿ ಎರಡು ಪಾಕೀಟು ತಾ. ಒಂದಕ್ಕೆ ನಾನೇ ಬಾಸ್ಟನ್‌ಗೆ ಬಸ್ಸು ಹಿಡಿದು ಬರುತ್ತೇನೆ.

ನಿನ್ನ ದೋಸ್ತ