ಬಚ್ಚಲ ಒಲೆಯ ಬಗ್ಗೆ ಕೇಳಿದ ಸಿಸ್ಟರ್‌ಗೆ

ಕಳೆದ ಮಳೆಗಾಲದಲ್ಲಿ ಅತ್ತೆಗೆ ಉಬ್ಬಸ ಜೋರಾದಾಗ ಉಡುಪಿಯ ಆಸ್ಪತ್ರೆಯೊಂದರಲ್ಲಿ ನೆಬ್ಯುಲೈಸರ್ (ಮದ್ದನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕಿದ ಸಿಸ್ಟರ್‌ಗೆ ಈ ಬರಹ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ.

ಮಾಸ್ಕ್ ಸರಿಮಾಡುತ್ತಾ ಅವರು ಕೇಳಿದರು, "ಅಮ್ಮಾ, ಬಚ್ಚಲ ಒಲೆಗೆ ಬೆಂಕಿ ಹಿಡಿಸುವುದು ಯಾವುದರಲ್ಲಿ?"

"ಮಳೆ ಅಲ್ವಾ, ತೆಂಗಿನ ಮಡಲೆಲ್ಲ ಚಂಡಿ. ಹಾಲಿನ ಪ್ಲಾಸ್ಟಿಕ್ ತೊಟ್ಟೆ ಹಾಕಿದ್ರೆ ಬೇಗ ಹಿಡೀತದೆ," ಅಂದರು ಅತ್ತೆ.

ಸಿಸ್ಟರ್ ಬೈಯಲಿಲ್ಲ. ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ 2.5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸಣ್ಣ ಕಣಗಳಿರುತ್ತವೆ, ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಪಿವಿಸಿ ಪೈಪಿನ ತುಂಡು, ವಯರು ಸುಟ್ಟರಂತೂ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದರಿಂದ ಕ್ಯಾನ್ಸರ್ ಕೂಡ ಬರಬಹುದು. ಒಲೆ ಊದುವವರ ಮುಖಕ್ಕೇ ಎಲ್ಲ ಮೊದಲು. ಆ ಬೂದಿಯನ್ನು ತರಕಾರಿ ಗಿಡದ ಬುಡಕ್ಕೂ ಹಾಕಬೇಡಿ ಅಂದರು. ಇಷ್ಟು ವರ್ಷದಲ್ಲಿ ಯಾರೂ ನಮ್ಮನ್ನು ಒಲೆಯ ಬಗ್ಗೆ ಕೇಳಿರಲಿಲ್ಲ!

ರೋಗಿಗೆ ಮೊದಲು ಬೇಕಾದದ್ದು ಶುದ್ಧ ಗಾಳಿ ಅಂತ ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ನಮ್ಮ ಸಿಸ್ಟರ್ ಅದನ್ನು ಮಾಡಿ ತೋರಿಸಿದರು. ತಮ್ಮ ರಜೆಯ ದಿನ ನಮ್ಮ ಸ್ವಸಹಾಯ ಸಂಘದ ಸಭೆಗೆ ಬಂದರು. "ಸುಡಬೇಡಿ ಅಂತ ಸುಮ್ನೆ ಹೇಳಿದರೆ ಆಗುವುದಿಲ್ಲ, ತೊಟ್ಟೆ ಎಲ್ಲಿ ಹಾಕಬೇಕು ಅಂತಲೂ ಹೇಳಬೇಕು" ಎಂದು ನಮ್ಮ ಜತೆ ಪಂಚಾಯತ್‌ಗೂ ಬಂದರು. ಒಣಕಸದ ಗಾಡಿ ಈಗ ನಮ್ಮ ಓಣಿಗೂ ಬರುತ್ತದೆ. ಅತ್ತೆ ಬೇಸಿಗೆಯಲ್ಲೇ ಗೆರಟೆ ಒಣಗಿಸಿ ಗೋಣಿಯಲ್ಲಿ ತುಂಬಿಡುತ್ತಾರೆ.

ಸಿಸ್ಟರ್, ಮನೆಯವರೆಲ್ಲರ ಪರವಾಗಿ ತುಂಬಾ ಧನ್ಯವಾದ. ಸಂಘದವರು ನಿಮ್ಮನ್ನು ಮತ್ತೆ ಕರೆಯುತ್ತಿದ್ದಾರೆ, ಈ ಸಲ ತೋಟಕ್ಕೆ ಹೊಡೆಯುವ ಮದ್ದಿನ ಬಗ್ಗೆ ಕೇಳಬೇಕಂತೆ.